ಟೆಕ್ ಪತ್ರಕರ್ತರಿಗೆ ಸ್ಟೋರಿ ಪಿಚ್ ಮಾಡೋದು: ಪುಣೆ, ಮುಂಬೈನ ಸಣ್ಣ ಕಂಪನಿಯವರಿಗೆ

"ಅಕ್ಕಾ, ಪೇಪರ್‌ನವರ ನಂಬರ್ ಇದ್ರೆ ಕಳಿಸ್ರಿ." ಪುಣೆ, ಮುಂಬೈ ಕಡೆ ಕಂಪನಿ ಶುರು ಮಾಡಿರೋ ನಮ್ಮ ಕನ್ನಡದ ಹುಡುಗರು, ಹುಡುಗಿಯರು ನಂಗೆ ಕಳಿಸೋ ಮೊದಲ ಮೆಸೇಜು ಹೆಚ್ಚುಕಡಿಮೆ ಇದೇ. ನಂಬರ್ ಕೊಡೋದೇನು ಕಷ್ಟ ಅಲ್ಲ, ಆದ್ರೆ ನಂಬರ್ ಸಿಕ್ಕಿದ ಮಾತ್ರಕ್ಕೆ ಸ್ಟೋರಿ ಬರಲ್ಲ. ನಾನು ಮುಂಬೈನ ಒಂದು ಪತ್ರಿಕೆಯ ಟೆಕ್ ಡೆಸ್ಕಲ್ಲಿ ಎಂಟು ವರ್ಷ ಇದ್ದವಳು, ಬೆಳಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ನಿಂತ್ಕೊಂಡೇ ಇನ್‌ಬಾಕ್ಸ್ ತೆಗೆದ್ರೆ ದಾದರ್ ಬರೋಷ್ಟರಲ್ಲಿ ಅರವತ್ತು ಎಪ್ಪತ್ತು ಮೇಲ್ ಹೆಬ್ಬೆರಳಲ್ಲಿ ತಳ್ಳಿ ಮುಗಿಸಿರ್ತಿದ್ದೆ, ಒಂದೊಂದಕ್ಕೆ ಎರಡು ಸೆಕೆಂಡು ಸಿಕ್ಕಿದ್ರೆ ಹೆಚ್ಚು. ಈಗ ಪುಣೆಲಿದ್ದೀನಿ, ಸಣ್ಣ ಕಂಪನಿಗಳಿಗೆ ಪಿಚ್ ಬರೆಯೋಕೆ ಸಹಾಯ ಮಾಡ್ತೀನಿ, ಹಾಗಾಗಿ ಎರಡೂ ಕಡೆಯಿಂದ ನೋಡಿದ್ದನ್ನ ಇಲ್ಲಿ ಹೇಳ್ತೀನಿ.

ಪಿಚ್ ಅಂದ್ರೆ "ಇಂಥದ್ದೊಂದು ಸ್ಟೋರಿ ಇದೆ, ನೀವು ಬರೀತೀರಾ" ಅಂತ ಒಬ್ಬ ಪತ್ರಕರ್ತರನ್ನ ಕೇಳೋದು. ಇನ್ನೂರು ಜನಕ್ಕೆ ಒಟ್ಟಿಗೆ ಪ್ರೆಸ್ ನೋಟ್ ಕಳಿಸೋದು ಬೇರೆ ಕೆಲಸ, ಅದನ್ನ ಇದರ ಜೊತೆ ಕಲಸ್ಬೇಡಿ.

ಮೊದಲು ಸುದ್ದಿ ಎಲ್ಲಿದೆ ಅಂತ ಹುಡುಕಿ

ಬೆಳಗಾವಿ ಕಡೆ ಹುಡುಗ ಒಬ್ಬ, ಪುಣೆ ಪಕ್ಕದ ಚಿಂಚವಡದಲ್ಲಿ ರೂಮ್ ಮಾಡ್ಕೊಂಡು ಇನ್ನಿಬ್ಬರ ಜೊತೆ ಸೇರಿ ಒಂದು ಸೆನ್ಸರ್ ಮಾಡಿದ್ದ. ಸಣ್ಣ ವರ್ಕ್‌ಶಾಪ್‌ಗಳಲ್ಲಿ ಏರ್ ಕಂಪ್ರೆಸರ್ ಇರುತ್ತಲ್ಲ, ಅದಕ್ಕೆ ಹಾಕೋದು, ಯಾರೂ ಗಾಳಿ ಬಳಸದೇ ಇರೋ ಹೊತ್ತಲ್ಲೂ ಕಂಪ್ರೆಸರ್ ಎಷ್ಟು ಸಲ ಆನ್ ಆಗ್ತಿದೆ ಅಂತ ಎಣಿಸಿ ಪೈಪಲ್ಲಿ ಎಷ್ಟು ಸೋರಿಕೆ ಇದೆ ಅಂತ ಹೇಳುತ್ತೆ. ಅವನು ನಂಗೆ ತೋರಿಸಿದ ಮೊದಲ ಮೇಲ್‌ನ ಸಬ್ಜೆಕ್ಟ್ ಹೀಗಿತ್ತು: "ಕೈಗಾರಿಕಾ ಕ್ರಾಂತಿ 4.0ಗೆ ನಾಂದಿ ಹಾಡಿದ ಪುಣೆಯ ನವೋದ್ಯಮ". ಕೆಳಗೆ ಎರಡು ಪುಟ, ಕಂಪನಿಯ ಧ್ಯೇಯ, ಮೂರೂ ಜನರ ಕಾಲೇಜು, ಕೊನೇಲಿ ಪಿಡಿಎಫ್. ನಲವತ್ತು ಜನಕ್ಕೆ ಕಳಿಸಿದ್ದ, ಒಂದು ಉತ್ತರಾನೂ ಬಂದಿರ್ಲಿಲ್ಲ, ತುಂಬ ನೊಂದ್ಕೊಂಡಿದ್ದ.

ನಾನು ಕೇಳಿದ್ದು ಒಂದೇ, ನೀನು ಇದನ್ನ ಹಾಕಿರೋ ಒಂದು ಶಾಪಿಗೆ ನನ್ನ ಕರ್ಕೊಂಡು ಹೋಗ್ತೀಯಾ ತಮ್ಮಾ ಅಂತ.

ಅಲ್ಲೇ ಹತ್ತಿರದ ಕೈಗಾರಿಕಾ ಪ್ರದೇಶ ಭೋಸರಿ ಎಂಐಡಿಸಿಲಿ ಗುರುವಾರ ವಾರದ ರಜ, ನಾವು ಹೋಗಿದ್ದೂ ಗುರುವಾರವೇ. ಶಾಪಲ್ಲಿ ಒಂದು ಮಷೀನೂ ಓಡ್ತಿರ್ಲಿಲ್ಲ, ಮಾಲೀಕರು ಶಟರ್ ಅರ್ಧ ಎತ್ತಿ ಒಳಗೆ ಬಿಟ್ರು, ಕಂಪ್ರೆಸರ್ ಒಂದನ್ನ ಮಾತ್ರ ಆನ್ ಮಾಡಿ ಟ್ಯಾಂಕ್ ತುಂಬಿಸಿ ನಿಲ್ಲಿಸಿದ್ರು. ಪ್ರೆಶರ್ ಗೇಜಿನ ಮುಳ್ಳು 7 ಬಾರಲ್ಲಿತ್ತು, ಬಾರ್ ಅಂದ್ರೆ ಒತ್ತಡದ ಅಳತೆ. ಸುಮ್ನೆ ನಿಂತ್ವಿ. ಆ ನಿಶ್ಶಬ್ದದಲ್ಲಿ ಮೂಲೆಯಿಂದ ಸಣ್ಣಗೆ ಸುಯ್ಯ್ ಅನ್ನೋ ಸದ್ದು ಕೇಳ್ತು, ಹುಡುಗ ಸೋಪಿನ ನೀರನ್ನ ಬ್ರಷ್‌ನಲ್ಲಿ ಪೈಪ್ ಜೋಡಿಸೋ ಕಪ್ಲಿಂಗಿಗೆ ಬಳಿದ, ಗುಳ್ಳೆ ಬುಸುಬುಸು ಎದ್ವು. ಇಪ್ಪತ್ತು ನಿಮಿಷದಲ್ಲಿ ಮುಳ್ಳು 4ಕ್ಕೆ ಬಂತು, ಯಾರೂ ಏನೂ ಬಳಸದೇ. ಮಾಲೀಕರು ಆ ಗೇಜನ್ನೇ ನೋಡ್ತಾ "ಇಷ್ಟು ವರ್ಷ ಈ ಗಾಳಿಗೆ ನಾನು ಕರೆಂಟ್ ಬಿಲ್ ಕಟ್ಟಿದೀನಿ" ಅಂದ್ರು.

ಸುದ್ದಿ ಅಲ್ಲಿತ್ತು. ಸರಿಯಾಗಿ ನೋಡ್ಕೊಳ್ಳದ ಕಾರ್ಖಾನೆಗಳಲ್ಲಿ ಕಂಪ್ರೆಸರ್ ಮಾಡೋ ಗಾಳೀಲಿ ಶೇಕಡ 20ರಿಂದ 30ರಷ್ಟು ಸೋರಿಕೆಲೇ ಹೋಗುತ್ತೆ ಅನ್ನೋದು ಎಂಜಿನಿಯರ್‌ಗಳಿಗೆ ಹಳೇ ವಿಷಯ, ಆದ್ರೆ ಓದುಗರಿಗೆ ಹೊಸದು. ನಿಮ್ಮ ಆಪ್ ಇರಲಿ, ಚಿಪ್ ಇರಲಿ, ಸಾಫ್ಟ್‌ವೇರ್ ಇರಲಿ, ಅದು ಯಾರ ಕೈಲಿದ್ಯೋ ಅವರ ಜಾಗಕ್ಕೆ ಹೋಗಿ ಒಂದು ಗಂಟೆ ನಿಲ್ಲಿ, ಅಲ್ಲಿ ಏನು ಬದಲಾಗಿದೆ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಮೇಲ್ ಬರೆಯೋಕೆ ಕೂತ್ಕೊಳ್ಳಿ. ಹೊಸ ವರ್ಷನ್ ಬಂತು, ಹೊಸ ಆಫೀಸ್ ತೆಗೆದ್ವಿ, ಅವಾರ್ಡ್ ಬಂತು ಇವೆಲ್ಲ ನಿಮ್ಮ ಮನೆಯವರಿಗೆ ಸಂತೋಷದ ವಿಷಯ, ಪತ್ರಿಕೆ ಓದೋರಿಗೆ ಅಲ್ಲ.

ಯಾರಿಗೆ ಕಳಿಸ್ಬೇಕು

ಟೆಕ್ ಪತ್ರಕರ್ತರು ಅಂದ್ರೆ ಒಂದೇ ಜಾತಿ ಅಲ್ಲ. ಒಬ್ಬರು ಬರೀ ಮೊಬೈಲ್, ಗ್ಯಾಜೆಟ್ ರಿವ್ಯೂ ಮಾಡ್ತಾರೆ, ಒಬ್ಬರು ಫಂಡಿಂಗ್ ಸುದ್ದಿ, ಒಬ್ಬರು ಇನ್ಫೋಸಿಸ್, ಪರ್ಸಿಸ್ಟೆಂಟ್ ತರದ ದೊಡ್ಡ ಐಟಿ ಕಂಪನಿಗಳ ರಿಸಲ್ಟು, ಇನ್ನೊಬ್ಬರು ಯುಪಿಐ, ಡೇಟಾ ಕಾನೂನು, ಆರ್‌ಬಿಐ ನಿಯಮ. ಇದನ್ನ ಬೀಟ್ ಅಂತಾರೆ. ಫಂಡಿಂಗ್ ಬೀಟ್‌ನವರಿಗೆ ಕಂಪ್ರೆಸರ್ ಕಥೆ ಕಳಿಸಿದ್ರೆ ಅವರು ಕೆಟ್ಟವರು ಅಂತ ಅದನ್ನ ಬಿಡೋದಲ್ಲ, ಅವರ ಕೈಲಿ ಅದನ್ನ ಹಾಕೋ ಜಾಗವೇ ಇರಲ್ಲ.

ಹಾಗಾಗಿ ಐದೇ ಐದು ಜನರ ಪಟ್ಟಿ ಮಾಡಿ. ಪ್ರತಿಯೊಬ್ಬರೂ ಕಳೆದ ಮೂರು ತಿಂಗಳಲ್ಲಿ ಬರೆದಿದ್ದನ್ನ ಓದಿ, ತಲೆಬರಹ ಮಾತ್ರ ಅಲ್ಲ, ಪೂರ್ತಿ. ಯಾರನ್ನ ಮಾತಾಡಿಸಿದ್ದಾರೆ, ಅಂಕಿ ಎಲ್ಲಿಂದ ತಂದಿದ್ದಾರೆ ನೋಡಿ. ಇದಕ್ಕೆ ಒಂದು ವಾರ ಹಿಡಿಯುತ್ತೆ, ಹಿಡೀಲಿ.

ಟೆಕ್ ಡೆಸ್ಕಿನ ಹೊರಗೂ ನೋಡಿ. ನಮ್ಮ ಹುಡುಗನ ಸ್ಟೋರಿಗೆ ಸರಿಯಾದ ಜಾಗ ಇಂಗ್ಲಿಷ್ ಟೆಕ್ ಪೇಜಿಗಿಂತ ಪಿಂಪ್ರಿ-ಚಿಂಚವಡ ಕೈಗಾರಿಕೆ ಬರೆಯೋ ಮರಾಠಿ ವರದಿಗಾರರ ಹತ್ರ ಇತ್ತು. ಭೋಸರಿ ಶಾಪ್ ಮಾಲೀಕರು ಬೆಳಗ್ಗೆ ಚಹಾ ಜೊತೆ ಓದೋದು ಸಕಾಳ್ ತರದ ಪೇಪರ್, 1932ರಿಂದ ಪುಣೆಲೇ ಬೇರು ಬಿಟ್ಟಿರೋದು. ಅವರಿಗೆ ಮರಾಠಿಲೇ ಬರೀರಿ, ನಿಮ್ಮ ಮರಾಠಿ ಸರಿ ಇಲ್ಲ ಅಂದ್ರೆ ಶಾಪಿನ ಹುಡುಗರ ಹತ್ರ ತಿದ್ದಿಸ್ಕೊಳ್ಳಿ. ಕನ್ನಡ ಪತ್ರಿಕೆಗೆ ಕಳಿಸೋದಾದ್ರೆ, ಅದು ಮುಂಬೈನ ಕರ್ನಾಟಕ ಮಲ್ಲ ಆಗಲಿ ಬೆಂಗಳೂರು, ಹುಬ್ಬಳ್ಳಿ ಕಡೆಯ ಪತ್ರಿಕೆ ಆಗಲಿ, "ಪುಣೆಲಿ ಕನ್ನಡಿಗನ ಸಾಧನೆ" ಅಂತ ಮಾತ್ರ ಬರೆದು ನಿಲ್ಲಿಸ್ಬೇಡಿ. ಬೆಳಗಾವಿ ಉದ್ಯಮಬಾಗ್‌ನಲ್ಲೂ ಫೌಂಡ್ರಿ, ವರ್ಕ್‌ಶಾಪ್ ಸಾಲುಸಾಲು ಇವೆ, ಅಲ್ಲೂ ಇದೇ ಕಂಪ್ರೆಸರ್, ಇದೇ ಸೋರಿಕೆ, ಆ ಓದುಗರಿಗೆ ಬೇಕಿರೋದು ಅದು. ಇನ್ನೊಂದು ಸಣ್ಣ ಮಾತು, ಕನ್ನಡ ಟೆಕ್ಸ್ಟನ್ನ ಯೂನಿಕೋಡ್‌ನಲ್ಲೇ ಮೇಲ್ ಒಳಗೆ ಟೈಪ್ ಮಾಡಿ, ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ಲಗತ್ತಿಸಿದ್ರೆ ಮೊಬೈಲಲ್ಲಿ ಬರೀ ಚಿತ್ರವಿಚಿತ್ರ ಅಕ್ಷರ ಕಾಣ್ಸುತ್ತೆ.

ಹೊರಗಿನವರ ಒಂದು ಫೋನ್ ನಂಬರ್

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ನಿಮ್ಮ ಕಂಪನಿಯಿಂದ ಸಂಬಳಾನೂ ಷೇರೂ ತಗೊಳ್ಳದ, ನಿಮ್ಮ ಸಾಧನ ಬಳಸಿರೋ ಒಬ್ಬರ ಫೋನ್ ನಂಬರ್, ಅವರ ಒಪ್ಪಿಗೆ ತಗೊಂಡು, ಪಿಚ್ ಜೊತೆಗೇ ಕೊಡಿ. ಪತ್ರಕರ್ತರು ಫೋನ್ ಮಾಡಿದ್ರೆ ಅವರು ಎತ್ತಬೇಕು, ತಮ್ಮ ಮಾತಲ್ಲಿ ಮಾತಾಡಬೇಕು.

ಇದು ಯಾಕೆ ಇಷ್ಟು ದೊಡ್ಡದು ಅಂದ್ರೆ ಟೆಕ್ ಪತ್ರಿಕೋದ್ಯಮ ಈ ಒಂದು ಕಡೆ ತುಂಬ ಸುಟ್ಕೊಂಡಿದೆ. ಅಮೆರಿಕದ ಥೆರಾನೋಸ್ ಗೊತ್ತಲ್ಲ, ಒಂದೆರಡು ಹನಿ ರಕ್ತದಲ್ಲಿ ಎಲ್ಲ ಟೆಸ್ಟ್ ಮಾಡ್ತೀವಿ ಅಂತ ಹೇಳಿದ ಕಂಪನಿ, 2014ರಲ್ಲಿ ಫಾರ್ಚೂನ್ ಪತ್ರಿಕೆ ಅದರ ಸ್ಥಾಪಕಿ ಎಲಿಜಬೆತ್ ಹೋಮ್ಸ್‌ನ ಮುಖಪುಟದಲ್ಲಿ ಹಾಕಿತ್ತು. 2015ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಜಾನ್ ಕ್ಯಾರಿರೂ ಆ ಯಂತ್ರ ಹೇಳಿದಂಗೆ ಕೆಲಸ ಮಾಡಲ್ಲ ಅಂತ ಬರೆದ್ರು, ಅವರಿಗೆ ಮೊದಲ ಸುಳಿವು ಕೊಟ್ಟಿದ್ದು ಆ ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪೆಥಾಲಜಿ ಡಾಕ್ಟರ್. ಅದೇ ಡಿಸೆಂಬರ್‌ನಲ್ಲಿ ಫಾರ್ಚೂನ್‌ನ ಆ ಮುಖಪುಟ ಲೇಖನ ಬರೆದವರು ತಮ್ಮನ್ನ ಹೇಗೆ ದಾರಿ ತಪ್ಪಿಸಿದ್ರು ಅಂತ ತಾವೇ ಬರೆದ್ರು. ಒಳ್ಳೇ ಸಂಪಾದಕರು ಇವತ್ತು ಕೇಳೋ ಮೊದಲ ಪ್ರಶ್ನೆ "ಇದನ್ನ ಹೊರಗಿನವರು ಯಾರು ಹೇಳ್ತಾರೆ" ಅಂತ. ಅದಕ್ಕೆ ಉತ್ತರ ನಿಮ್ಮ ಮೇಲ್‌ನಲ್ಲೇ ಇದ್ರೆ ವರದಿಗಾರರ ಅರ್ಧ ದಿನದ ಕೆಲಸ ಉಳೀತು.

ನಂಬರ್ ಕೊಡೋಕೆ ಮುಂಚೆ ನೀವೇ ಆ ಗ್ರಾಹಕರಿಗೆ ಒಂದ್ ಫೋನ್ ಮಾಡಿ. ನಾನು ಡೆಸ್ಕಲ್ಲಿದ್ದಾಗ ಒಂದು ಕಂಪನಿ ಸಂತೋಷದಿಂದ ಗ್ರಾಹಕರ ನಂಬರ್ ಕೊಟ್ಟಿತ್ತು, ನಾನು ಮಾಡಿದ್ರೆ ಆ ಮನುಷ್ಯ "ಮೇಡಂ, ಅದನ್ನ ನಾವು ನಾಲ್ಕು ತಿಂಗಳ ಹಿಂದೇನೇ ಬಿಟ್ವಿ" ಅಂದ್ರು. ಕಂಪನಿಯವರು ಸುಳ್ಳು ಹೇಳಿರ್ಲಿಲ್ಲ, ಅವರಿಗೇ ಗೊತ್ತಿರ್ಲಿಲ್ಲ, ಆದ್ರೆ ಸ್ಟೋರಿ ಅಲ್ಲಿಗೆ ನಿಂತ್ಹೋಯ್ತು. ಮತ್ತೆ, ಏನ್ ಮಾತಾಡ್ಬೇಕು ಅಂತ ಅವರಿಗೆ ಹೇಳ್ಕೊಡ್ಬೇಡಿ. ಭೋಸರಿ ಮಾಲೀಕರು ವರದಿಗಾರರಿಗೆ "ಮೊದಲ ತಿಂಗಳು ಇವರ ಆಪ್ ಎರಡು ಸಲ ಕೈಕೊಟ್ಟಿತ್ತು" ಅಂತಾನೂ ಹೇಳಿದ್ರು, ಹುಡುಗ ಗಾಬರಿಯಾದ, ಆದ್ರೆ ಆ ಒಂದು ವಾಕ್ಯದಿಂದಲೇ ಉಳಿದಿದ್ದೆಲ್ಲ ನಂಬೋ ಹಾಗಾಯ್ತು.

ಚಾಕಣ ಕಡೆ ದೊಡ್ಡ ಆಟೋ ಕಂಪನಿಗಳಿಗೆ ನೀವು ವೆಂಡರ್ ಆಗಿದ್ರೆ ಅವರ ಹೆಸರು ಪಿಚ್‌ನಲ್ಲಿ ಹಾಕೋಕೆ ಮುಂಚೆ ಕಾಂಟ್ರಾಕ್ಟ್ ತೆಗೆದು ನೋಡಿ, ಗೌಪ್ಯತೆ ಷರತ್ತು ಬಹುತೇಕ ಇದ್ದೇ ಇರುತ್ತೆ. ಲಿಸ್ಟೆಡ್ ಕಂಪನಿ ಆದ್ರಂತೂ ಅವರು ಮುಖ್ಯ ಮಾಹಿತಿನ ಮೊದಲು ಸ್ಟಾಕ್ ಎಕ್ಸ್‌ಚೇಂಜಿಗೆ ತಿಳಿಸ್ಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮವೇ ಇದೆ, ನೀವು ಮುಂಚೆನೇ ಪತ್ರಿಕೆಗೆ ಹೇಳಿ ಅವರನ್ನ ಇಕ್ಕಟ್ಟಿಗೆ ಸಿಕ್ಕಿಸ್ಬೇಡಿ.

ಮೇಲ್ ಬರೆಯೋದು

ನಾವು ಮತ್ತೆ ಬರೆದ ಮೇಲ್ ಹೀಗಿತ್ತು, ಹೆಸರುಗಳನ್ನ ತೆಗೆದು ಹಾಕ್ತಿದ್ದೀನಿ.

ಸಬ್ಜೆಕ್ಟ್: ಭೋಸರಿ ವರ್ಕ್‌ಶಾಪ್‌ಗಳಲ್ಲಿ ಸೋರಿಹೋಗೋ ಗಾಳಿಗೆ ಕರೆಂಟ್ ಬಿಲ್

"ನಮಸ್ಕಾರ. ಸಣ್ಣ ಕಾರ್ಖಾನೆಗಳ ಕರೆಂಟ್ ದರದ ಬಗ್ಗೆ ನೀವು ಹೋದ ತಿಂಗಳು ಬರೆದಿದ್ದು ಓದಿದೆ. ಅದೇ ಬಿಲ್‌ನ ಒಂದು ಭಾಗ ಯಾರಿಗೂ ಕಾಣ್ದೇ ಸೋರಿ ಹೋಗ್ತಿದೆ. ಭೋಸರಿಯ ಒಂದು ಪ್ರೆಸ್ ಶಾಪ್‌ನಲ್ಲಿ ಎಲ್ಲ ಮಷೀನ್ ಆಫ್ ಇದ್ದಾಗಲೂ ಇಪ್ಪತ್ತು ನಿಮಿಷದಲ್ಲಿ ಟ್ಯಾಂಕ್ ಪ್ರೆಶರ್ 7 ಬಾರಿಂದ 4ಕ್ಕೆ ಇಳೀತು. ಒಂಬತ್ತು ಕಡೆ ಸೋರಿಕೆ ಸಿಕ್ತು, ರಿಪೇರಿ ಆದ್ಮೇಲೆ ಅವರ ಬಿಲ್ ಎಷ್ಟು ಇಳೀತು ಅಂತ ಮೊದಲಿನ ಮೂರು ತಿಂಗಳ, ಆಮೇಲಿನ ಮೂರು ತಿಂಗಳ ಬಿಲ್ ತೋರಿಸೋಕೆ ಮಾಲೀಕರು ಒಪ್ಪಿದ್ದಾರೆ. ಅವರ ನಂಬರ್ ಕೆಳಗಿದೆ, ಮಧ್ಯಾಹ್ನ ಎರಡರ ಮೇಲೆ ಸಿಗ್ತಾರೆ. ಸೋರಿಕೆ ಹಿಡಿಯೋ ಸೆನ್ಸರ್ ಮಾಡಿದ್ದು ನಮ್ಮ ಮೂವರ ಕಂಪನಿ, ಇದುವರೆಗೆ ಹನ್ನೊಂದು ಶಾಪ್‌ನಲ್ಲಿ ಹಾಕಿದ್ದೀವಿ, ಎರಡು ಕಡೆ ಉಪಯೋಗ ಆಗಲಿಲ್ಲ, ಯಾಕೆ ಅಂತಾನೂ ಹೇಳ್ತೀವಿ. ಯಾವ ಗುರುವಾರ ಬಂದ್ರೂ ಸೋರಿಕೆ ಸದ್ದು ಕೇಳಿಸ್ತೀವಿ."

ಅಷ್ಟೇ. ಕಂಪನಿ ಮಾತು ಬಂದಿದ್ದು ಅರ್ಧ ದಾಟಿದ ಮೇಲೆ. ಕ್ರಾಂತಿ ಇಲ್ಲ, ನಾಂದಿ ಇಲ್ಲ. ಉಪಯೋಗ ಆಗದ ಎರಡು ಶಾಪಿನ ಮಾತು ಹಾಕೋಣ ಅಂದಾಗ ಹುಡುಗ "ಬ್ಯಾಡ್ರಿ ಅಕ್ಕಾ, ಮರ್ಯಾದಿ ಹೋಗ್ತದ" ಅಂದ, ನಾನು ಹಟ ಹಿಡಿದು ಹಾಕಿಸಿದೆ, ವರದಿಗಾರರು ಮೊದಲು ಕೇಳಿದ್ದೂ ಅದನ್ನೇ.

ಸಬ್ಜೆಕ್ಟ್ ಲೈನ್ ಮೊಬೈಲಲ್ಲಿ ಐದಾರು ಪದ ಮಾತ್ರ ಕಾಣ್ಸುತ್ತೆ, ಹಾಗಾಗಿ ಮುಖ್ಯ ಪದ ಮೊದಲು ಬರಲಿ. ಲಗತ್ತು ಬೇಡ, ಡ್ರೈವ್ ಲಿಂಕ್ ಕೊಡಿ, ಲಿಂಕ್ ಯಾರು ಬೇಕಾದ್ರೂ ತೆಗೆಯೋ ಹಾಗಿದ್ಯಾ ಅಂತ ಇನ್ನೊಬ್ಬರ ಫೋನಲ್ಲಿ ತೆಗೆದು ನೋಡಿ. ಫೋಟೋ ಅಡ್ಡವಾಗಿ ತೆಗೆದಿರೋದು ಎರಡು ಮೂರು, ಕೆಲಸ ನಡೀತಿರೋ ಜಾಗದ್ದು, ಎಡದಿಂದ ಬಲಕ್ಕೆ ಯಾರು ಯಾರು ಅಂತ ಹೆಸರು ಬರೆದು. ವಾಟ್ಸಾಪಲ್ಲಿ ಕಳಿಸಿದ ಫೋಟೋ ಪ್ರಿಂಟಿಗೆ ಬರಲ್ಲ, ಕಳಿಸ್ಲೇಬೇಕು ಅಂದ್ರೆ ಡಾಕ್ಯುಮೆಂಟ್ ಅಂತ ಕಳಿಸಿ.

ಅಂಕಿ ಹೇಳುವಾಗ

ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ರೆ ನಿಮ್ಮ ವಾರ್ಷಿಕ ಲೆಕ್ಕಪತ್ರ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲಲ್ಲಿ ಇರುತ್ತೆ, 100 ರೂಪಾಯಿ ಕಟ್ಟಿ ಯಾರು ಬೇಕಾದ್ರೂ ತೆಗೆದು ನೋಡಬಹುದು, ಸ್ಟಾರ್ಟಪ್ ಬೀಟ್‌ನವರು ನೋಡೇ ನೋಡ್ತಾರೆ. ಹತ್ತು ಕೋಟಿ ವ್ಯವಹಾರ ಅಂತ ಮೇಲ್‌ನಲ್ಲಿ ಬರೆದು ಫೈಲಿಂಗಲ್ಲಿ ಎಂಬತ್ತು ಲಕ್ಷ ಇದ್ರೆ ಆ ಪತ್ರಕರ್ತರು ನಿಮ್ಮ ಮುಂದಿನ ಮೇಲ್ ತೆಗೆಯಲ್ಲ. ನಿಮ್ಮ ಆಪ್ ಮೂಲಕ ಕೈಬದಲಾದ ಸರಕಿನ ಒಟ್ಟು ಬೆಲೆ ಬೇರೆ, ನಿಮಗೆ ಬಂದ ಕಮಿಷನ್ ಬೇರೆ, ಡೌನ್‌ಲೋಡ್ ಬೇರೆ, ದಿನಾ ಬಳಸೋರು ಬೇರೆ. ಯಾವುದು ಅಂತ ಬಿಡಿಸಿ ಹೇಳಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತಾನೂ. "ದೇಶದಲ್ಲೇ ಮೊದಲು" ಅನ್ನೋದನ್ನ ದಯವಿಟ್ಟು ಬಿಡಿ, ಡೆಸ್ಕಲ್ಲಿ ಹತ್ತು ನಿಮಿಷ ಹುಡುಕಿದ್ರೆ ಇನ್ನೊಬ್ಬರು ಸಿಕ್ಕೇ ಸಿಗ್ತಾರೆ.

ಎಕ್ಸ್‌ಕ್ಲೂಸಿವ್, ಎಂಬಾರ್ಗೊ, ಆಫ್ ದಿ ರೆಕಾರ್ಡ್

ಎಕ್ಸ್‌ಕ್ಲೂಸಿವ್ ಅಂದ್ರೆ ಈ ಸ್ಟೋರಿ ನಿಮಗೊಬ್ಬರಿಗೇ ಅಂತ ಮಾತು ಕೊಡೋದು. ಹಾಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಹೇಳಂಗಿಲ್ಲ. ಒಬ್ಬರಿಗೆ ಕಳಿಸಿ, "ಮುಂದಿನ ಮಂಗಳವಾರದೊಳಗೆ ತಿಳಿಸಿ, ಆಗಲ್ಲ ಅಂದ್ರೆ ಬೇರೆಯವರನ್ನ ಕೇಳ್ತೀನಿ" ಅಂತ ಸ್ಪಷ್ಟವಾಗಿ ಬರೀರಿ, ಇದ್ರಲ್ಲಿ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ.

ಎಂಬಾರ್ಗೊ ಅಂದ್ರೆ ಮಾಹಿತಿ ಈಗ ಕೊಡ್ತೀವಿ, ಇಂಥ ದಿನ ಇಂಥ ಗಂಟೆಗೆ ಮೊದಲು ಹಾಕ್ಬೇಡಿ ಅನ್ನೋ ಒಪ್ಪಂದ. ಒಪ್ಪಂದ ಅನ್ನೋ ಪದ ಗಮನಿಸಿ, ಇಬ್ಬರೂ ಒಪ್ಪಿದ್ರೆ ಮಾತ್ರ ಅದು ಇರುತ್ತೆ. ಮೇಲ್ ತಲೆ ಮೇಲೆ "ಎಂಬಾರ್ಗೊ" ಅಂತ ದಪ್ಪಕ್ಷರದಲ್ಲಿ ಬರೆದು ಎಲ್ಲ ಮಾಹಿತಿನೂ ಕೆಳಗೇ ಸುರಿದ್ರೆ ಅವರು ಒಪ್ಪೇ ಇಲ್ಲ. ಮೊದಲು ಒಂದು ಸಾಲಲ್ಲಿ ಕೇಳಿ, ಸರಿ ಅಂತ ಉತ್ತರ ಬಂದ ಮೇಲೆ ಕಳಿಸಿ. 2008ರ ಡಿಸೆಂಬರ್‌ನಲ್ಲೇ ಅಮೆರಿಕದ ಟೆಕ್ ಸುದ್ದಿತಾಣ ಟೆಕ್‌ಕ್ರಂಚ್‌ನ ಮೈಕೆಲ್ ಆರಿಂಗ್ಟನ್ ಇನ್ಮೇಲೆ ಎಂಬಾರ್ಗೊ ಪಾಲಿಸಲ್ಲ ಅಂತ ಬಹಿರಂಗವಾಗಿ ಘೋಷಿಸಿದ್ರು, ಕಂಪನಿಗಳು ಸಿಕ್ಕಸಿಕ್ಕವರಿಗೆಲ್ಲ ಎಂಬಾರ್ಗೊ ಹಂಚ್ತಿದ್ದಿದ್ದು, ಯಾರೋ ಒಬ್ಬರು ಮುರಿದ್ರೂ ಅವರಿಗೆ ಏನೂ ಆಗದೇ ಇದ್ದಿದ್ದು ಅದಕ್ಕೆ ಕಾರಣ. ಹನ್ನೊಂದು ಶಾಪಿನ ಕಂಪನಿಗೆ ಎಂಬಾರ್ಗೊ ಬೇಕಾಗೇ ಇಲ್ಲ ಅಂತ ನನ್ನ ಅಭಿಪ್ರಾಯ.

ಆಫ್ ದಿ ರೆಕಾರ್ಡ್, ಅಂದ್ರೆ ಹೇಳಿದ್ದನ್ನ ಪತ್ರಿಕೇಲಿ ಹಾಕ್ಬಾರ್ದು ಅನ್ನೋದನ್ನ, ಮಾತು ಬಾಯಿಂದ ಬರೋಕೆ ಮುಂಚೆ ಒಪ್ಪಿಸ್ಕೊಳ್ಬೇಕು. ಹೇಳಿ ಮುಗಿಸಿದ ಮೇಲೆ "ಸಾರ್, ಇದನ್ನ ಹಾಕ್ಬೇಡಿ" ಅಂದ್ರೆ ಅದು ಅವರ ದೊಡ್ಡತನಕ್ಕೆ ಬಿಟ್ಟಿದ್ದು. ಸುಲಭ ದಾರಿ ಅಂದ್ರೆ ಪ್ರಿಂಟಲ್ಲಿ ನೋಡೋಕೆ ಇಷ್ಟ ಇಲ್ಲದ್ದನ್ನ ಹೇಳ್ದೇ ಇರೋದು.

ದುಡ್ಡಿನ ಮಾತು ಬಂದ್ರೆ, "ಗ್ಯಾರಂಟಿ ಕವರೇಜ್" ಅಂತ ರೇಟ್ ಕಾರ್ಡ್ ಕಳಿಸೋರು ಮಾರ್ತಿರೋದು ಜಾಹೀರಾತಿನ ಜಾಗ, ಸುದ್ದಿ ಅಲ್ಲ. ವರದಿಗಾರರಿಗೆ ಗಿಫ್ಟ್ ಕಳಿಸ್ಬೇಡಿ, ಟೆಸ್ಟ್ ಮಾಡೋಕೆ ಸಾಧನ ಕೊಟ್ರೆ ವಾಪಸ್ ತಗೊಳ್ಳೋ ದಿನಾಂಕ ಬರೆದು ಕೊಡಿ.

ಯಾವಾಗ ಕಳಿಸ್ಬೇಕು, ಎಷ್ಟು ಸಲ ಕೇಳ್ಬೇಕು

ಫೆಬ್ರವರಿ 1ರ ಬಜೆಟ್ ಆಸುಪಾಸು, ಸೆಪ್ಟೆಂಬರ್‌ನ ಐಫೋನ್ ವಾರ ಬೇಡ. ಪುಣೆ ವರದಿಗಾರರಿಗೆ ಗಣಪತಿ ಹತ್ತು ದಿನ ಬೇಡವೇ ಬೇಡ, ಇಡೀ ಊರಿನ ಸುದ್ದಿಮನೆ ಮಂಡಲ, ಮೆರವಣಿಗೆ ಹಿಂದೆ ಇರುತ್ತೆ. ಪ್ರಿಂಟ್ ಪತ್ರಿಕೆಯವರಿಗೆ ಸಂಜೆ ಐದರಿಂದ ಎಂಟರ ತನಕ ಫೋನ್ ಮಾಡ್ಬೇಡಿ, ಪೇಜ್ ಕಟ್ಟೋ ಹೊತ್ತು. ಮಂಗಳವಾರ, ಬುಧವಾರ ಬೆಳಗ್ಗೆ ಹತ್ತರೊಳಗೆ ಕಳಿಸಿದ ಮೇಲ್‌ಗೆ ನಂಗಂತೂ ಹೆಚ್ಚು ಉತ್ತರ ಸಿಕ್ಕಿದೆ.

ಮೂರು ದಿನ ಕಾದು ಒಂದು ಸಾಲಿನ ನೆನಪೋಲೆ ಕಳಿಸಿ. ಇನ್ನೊಂದು ವಾರ ಬಿಟ್ಟು ಇನ್ನೊಂದು, ಅದೂ ಹೊಸ ವಿಷಯ ಇದ್ರೆ ಮಾತ್ರ, ಹೊಸ ತಿಂಗಳ ಬಿಲ್ ಬಂತು, ಇನ್ನೊಬ್ಬ ಗ್ರಾಹಕರು ಮಾತಾಡೋಕೆ ಒಪ್ಪಿದ್ರು, ಹಾಗೆ. ಆಮೇಲೆ ಬಿಟ್ಬಿಡಿ. ಉತ್ತರ ಬರ್ಲಿಲ್ಲ ಅಂದ್ರೆ ನಿಮ್ಮ ಕೆಲಸ ಕೀಳು ಅಂತ ಅಲ್ಲ, ಆ ವಾರ ಅವರ ಹತ್ರ ಜಾಗ ಇರ್ಲಿಲ್ಲ ಅಂತ ಅಷ್ಟೇ ತಿಳ್ಕೊಳ್ಳಿ, ಇದನ್ನ ನಾನು ಸಮಾಧಾನಕ್ಕೆ ಹೇಳ್ತಿಲ್ಲ, ಒಳ್ಳೇ ಪಿಚ್‌ಗಳನ್ನ ಬರೀ ಜಾಗ ಇಲ್ಲ ಅಂತ ಬಿಟ್ಟ ನೋವು ನಂಗೂ ಇದೆ.

ವರದಿಗಾರರು ಬರೀತೀನಿ ಅಂದ ಮೇಲೆ

ಲೇಖನ ಮುದ್ರಣಕ್ಕೆ ಮೊದಲು ತೋರ್ಸಿ ಅಂತ ಕೇಳ್ಬೇಡಿ, ಬಹುತೇಕ ಪತ್ರಿಕೆಗಳು ತೋರಿಸಲ್ಲ. ಅದರ ಬದಲು ತಾಂತ್ರಿಕ ವಿಷಯ, ಅಂಕಿ, ಹೆಸರಿನ ಕಾಗುಣಿತ ಒಂದು ಪುಟದಲ್ಲಿ ಬರೆದು ಕೊಡಿ, ಸಂದೇಹ ಬಂದ್ರೆ ರಾತ್ರಿ ಹತ್ತಕ್ಕೂ ಫೋನ್ ಎತ್ತುತೀನಿ ಅಂತ ಹೇಳಿ, ಎತ್ತಿ. ನಿಮ್ಮ ಸಿಸ್ಟಮ್‌ನಿಂದ ಡೇಟಾ ಸೋರಿಕೆ ಆಗಿ ಪತ್ರಕರ್ತರು ಫೋನ್ ಮಾಡಿದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡ್ಬೇಡಿ. ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸ್ಬೇಕು ಅಂತ 2022ರ ಏಪ್ರಿಲ್‌ನಲ್ಲಿ ಆದೇಶ ಬಂದಿದೆ, ತಿಳಿಸಿದ್ದೀರಾ ಇಲ್ವಾ ಅಂತ ಅವರು ಕೇಳೇ ಕೇಳ್ತಾರೆ.

ಲೇಖನ ಬಂದ ಮೇಲೆ ತಪ್ಪು ಕಂಡ್ರೆ ತಪ್ಪು ಮತ್ತು ಅಭಿಪ್ರಾಯ ಬೇರೆ ಮಾಡಿ. ಹನ್ನೊಂದು ಶಾಪ್ ಅನ್ನೋದು ಹನ್ನೊಂದು ಲಕ್ಷ ಅಂತ ಆಗಿದ್ರೆ ಅದು ತಪ್ಪು, ವರದಿಗಾರರಿಗೇ ನೇರ ಮೇಲ್ ಮಾಡಿ, ಯಾವ ಪ್ಯಾರಾ, ಸರಿ ಏನು, ದಾಖಲೆ ಯಾವುದು ಅಂತ ಮೂರೇ ಸಾಲು. ಆಪ್ ಎರಡು ಸಲ ಕೈಕೊಟ್ಟಿತ್ತು ಅಂತ ಬರೆದಿದ್ರೆ ಅದು ತಪ್ಪಲ್ಲ.

ಭೋಸರಿ ಸ್ಟೋರಿ ಬಂದಿದ್ದು ಒಳಪುಟದಲ್ಲಿ, ಕಾಲು ಪೇಜು, ಹುಡುಗನ ಫೋಟೋ ಇರ್ಲಿಲ್ಲ, ಸೋಪಿನ ಗುಳ್ಳೆಯ ಫೋಟೋ ಇತ್ತು. ಅವತ್ತು ಬೆಳಗ್ಗೆ ಶಾಪ್ ಮಾಲೀಕರಿಗೆ ಅಕ್ಕಪಕ್ಕದ ಶಾಪಿನವರು ಒಬ್ಬೊಬ್ಬರೇ ಫೋನ್ ಮಾಡೋಕೆ ಶುರು ಮಾಡಿದ್ರಂತೆ, ಅವರು ಎಲ್ಲರಿಗೂ ಹುಡುಗನ ನಂಬರ್ ಕೊಟ್ಟಿದ್ದಾರೆ. ಆರು ತಿಂಗಳಾದ ಮೇಲೆ ಅದೇ ವರದಿಗಾರರಿಗೆ ಇನ್ನೊಂದು ಮೇಲ್ ಹೋಗಬೇಕು, ಆಗ ರಿಪೇರಿ ಮಾಡಿದ ಕಪ್ಲಿಂಗ್‌ಗಳಲ್ಲಿ ಎಷ್ಟು ಮತ್ತೆ ಸೋರ್ತಿವೆ ಅಂತ ಲೆಕ್ಕ ಇಡೋಕೆ ಹುಡುಗನಿಗೆ ಈಗಲೇ ಹೇಳಿದ್ದೀನಿ.